ಇಂಜಿನ್ನಿನಲ್ಲಿ ದೋಷವಿರಲಿಲ್ಲ

ಅಪ್ಪನ ಎಡ ಮಂಡಿಗೆ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯಬೇಡಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಅಪ್ಪ ಗಣಿತದ ಮೇಷ್ಟ್ರು. ತಾವೇ ಮಾಡಿ ನೋಡದೆ ಏನನ್ನೂ ಒಪ್ಪುವವರಲ್ಲ. ಒಂದು ಬೆಳಿಗ್ಗೆ ಹೊಳೆನರಸೀಪುರದ ನಮ್ಮ ಮನೆಯ ಅಂಗಳದಿಂದ ಕಾರನ್ನು ಗೇಟಿನವರೆಗೆ ತಂದರು, ಅಲ್ಲೇ ನಿಲ್ಲಿಸಿದರು, ಸ್ಟೀರಿಂಗ್ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದು ಇಳಿದರು. ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಇದ ಮಾರ್ಬುಡನ ಕಣವ್ವ. ಕ್ಲಚ್ ಇಲ್ದಿರದೊಂದು ತಗಳನ," ಎಂದರು.

ವಿಷಯ ಅಷ್ಟೇ. ಇದು ಹೋದರೆ ಅದು ಬರುತ್ತದೆ. ಅದು ಬರುವವರೆಗೆ ಅಪ್ಪ ಅರಕಲಗೂಡಿನ ಕಡೆ ಇರುವ ತಮ್ಮ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದನ್ನು ಮಂಡಿ ಚೆನ್ನಾಗಿರುವವರು ಯಾರೂ ಗಮನಿಸುವುದಿಲ್ಲ. ಅಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಲಗಾಲನ್ನು ಮೊದಲು ಇಟ್ಟು, ಎಡಗಾಲನ್ನು ಸಾಮಾನು ಎತ್ತಿಕೊಳ್ಳುವ ಹಾಗೆ ಮೇಲಕ್ಕೆಳೆದುಕೊಳ್ಳುತ್ತಿದ್ದರು. ಹಿಂದೆ ನಿಂತ ಅವರದೇ ವಿದ್ಯಾರ್ಥಿಗಳು "ನಿಧಾನ ಸಾ" ಅನ್ನುತ್ತಿದ್ದರು. ಹುಡುಗರಿಂದ ಆ ಮಾತು ಕೇಳುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಮಾರುವ ಕೆಲಸ ನನ್ನದಾಯಿತು. ಮನೆಯಲ್ಲಿ ಕಾರಿನ ಹುಚ್ಚು ಇರುವುದು ನನಗೆ. ವಾದದ ಹುಚ್ಚೂ ನನಗೇ. ಹಾಸನದ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತೇನೆ, ವಾರದ ಕೊನೆಗೆ ಮನೆಗೆ ಬರುತ್ತೇನೆ, ಚರ್ಚಾಸ್ಪರ್ಧೆಗಳಿಗೆ ಹೋಗುತ್ತೇನೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವುದು ಬಂದರೂ ಎದುರಿನವರು ನೀರು ಕುಡಿಯುವಂತೆ ಮಾಡಿ ಬರುತ್ತೇನೆ. "ನಿನ್ ಬಾಯ್ಗೆ ಗೇರ್ ಐತೆ, ಬ್ರೇಕಿಲ್ಲ" ಎಂದು ಅಮ್ಮ ಹೇಳುವುದುಂಟು. ದೇವರು, ಜಾತಕ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವುದು, ಯಾವುದರಲ್ಲೂ ನಂಬಿಕೆಯಿಲ್ಲ. ನಂಬಿಕೆಯಿದ್ದದ್ದು ಒಂದೇ ಜಾಗದಲ್ಲಿ. ಅದು ಚನ್ನರಾಯಪಟ್ಟಣದ ಹೊರಗೆ, ಹೆದ್ದಾರಿಯ ಪಕ್ಕದ ಒಂದು ಟೀ ಹೋಟೆಲು.

ಭಾನುವಾರ ಬೆಳಿಗ್ಗೆ ಕಾರಿನ ಹುಚ್ಚಿನವರು ಅಲ್ಲಿ ಸೇರುತ್ತಾರೆ. ನಾನೊಬ್ಬಳೇ ಹೆಣ್ಣು. ಮೊದಲು ನನ್ನನ್ನು ಕರೆದುಕೊಂಡು ಹೋದವರು ಪಟ್ಟಣದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಒಬ್ಬ ಅಣ್ಣ. ಅವರ ಅಂಗಡಿಯಲ್ಲಿ ಏರ್ ಫಿಲ್ಟರ್ ಕೊಳ್ಳಲು ಹೋಗಿ ನಾನು ಜಗಳವಾಡಿದ್ದೇ ಪರಿಚಯ. ಅಲ್ಲಿ ಯಾರೂ ಯಾರ ಮನೆ, ಯಾವ ಪೈಕಿ ಎಂದು ಕೇಳುವುದಿಲ್ಲ. ಯಾವ ಗಾಡಿ, ಯಾವ ಇಂಜಿನ್, ಎಷ್ಟು ಓಡಿದೆ ಎಂದು ಕೇಳುತ್ತಾರೆ. ಲೋಕದಲ್ಲಿ ಹೀಗೊಂದು ಜಾಗ ಇದೆಯಲ್ಲ ಎಂದು ನಾನು, ಯಾವುದನ್ನೂ ನಂಬದವಳು, ಪರೀಕ್ಷೆಯೇ ಮಾಡದೆ ನಂಬಿದ್ದೆ.

ಆ ಗುಂಪಿಗೊಂದು ಪದ್ಧತಿ. ಯಾರಾದರೂ ಕಾರು ಮಾರುವುದಾದರೆ ಅದನ್ನು ಹೋಟೆಲಿನ ಮುಂದೆ ತಂದು ಬಾನೆಟ್ ಎತ್ತಬೇಕು. ಕೂತ ಪ್ರತಿಯೊಬ್ಬನೂ ಒಂದೊಂದು ತಕರಾರು ತೆಗೆಯಲೇಬೇಕು. ಇಷ್ಟವಾದರೂ ಸರಿ, ತೆಗೆಯಬೇಕು. ಮಾರುವವನು ಉತ್ತರ ಕೊಡಬೇಕು. ಉತ್ತರ ಸಿಗದ ತಕರಾರು ಇದ್ದರೆ ಅದನ್ನು ರಿಪೇರಿ ಮಾಡಿಸಿಯೇ ಮಾರಬೇಕು. ಆಮೇಲೆ ಯಾರೂ ಯಾರ ಮೇಲೂ ಗೊಣಗುವ ಹಾಗಿಲ್ಲ. ಇಂಥ ಪದ್ಧತಿ ನನಗಾಗಿಯೇ ಹುಟ್ಟಿದ್ದು ಅನ್ನಿಸುತ್ತಿತ್ತು. ಬೇರೆಯವರು ಕಾರು ತಂದಾಗಲೂ ಅವರ ಪರವಾಗಿ ಉತ್ತರ ಹೇಳುವವಳು ನಾನೇ. "ಲಾಯರಮ್ಮ" ಎಂಬ ಹೆಸರು ಬಂದದ್ದು ಹಾಗೆ.

ನಮ್ಮದು ಹಳೆಯ ಡೀಸೆಲ್ ಕಾರು. ಹೊಗೆಯ ಹೊಸ ನಿಯಮ ಬರುವ ಮೊದಲಿನದು. ನಾನು ಅದನ್ನು ತಂದು ನಿಲ್ಲಿಸಿದ ಭಾನುವಾರ, ಅರಕಲಗೂಡಿನ ಕಡೆಯವರೊಬ್ಬರು ಅದರ ಸುತ್ತ ಸುತ್ತತೊಡಗಿದರು. ಆಲೂಗಡ್ಡೆ, ಶುಂಠಿ ಬೆಳೆಯುವವರು. ಗುಂಪಿಗೆ ಹೊಸಬರು, ಅಂಗಡಿಯ ಅಣ್ಣನ ಗಿರಾಕಿ.

"ಒಸ ಡೀಸೆಲ್ ಗಾಡಿ ಯಾಕ್ ಬ್ಯಾಡ ನಿಂಗೆ?" ಎಂದು ಅಣ್ಣ ಅವರನ್ನು ಕೆಣಕಿದರು.

"ಅದ್ರ ಒಟ್ಟೇಲಿ ಒಗೆ ಸೋಸೋ ಡಬ್ಬ ಇಕ್ಕವ್ರಲ್ಲ. ನಾನು ತ್ವಾಟಕ್ಕೂ ಮನೆಗೂ ಓಡ್ಸೋನು. ಇಂಜಿನ್ ಬಿಸಿಯಾಗೋದ್ರೊಳ್ಗೆ ಮನೆ ಬತ್ತದೆ. ಡಬ್ಬ ಕಟ್ಕತದೆ, ದೀಪ ಅತ್ಕತದೆ. ಆಮೇಲೆ ಅದ ಸುಡಕ್ಕೆ ಅಂತ ಆಸನದ್ ಗಂಟ ಸುಮ್ನೆ ಓಗ್ ಬರ್ಬೇಕು."

"ಓಗ್ ಬಾ. ಮದ್ವೆಯಾದೋನ್ಗೆ ಅದೂ ಒಂದ್ ಬಿಡುವೇ," ಎಂದರು ಯಾರೋ. ಎಲ್ಲರೂ ನಕ್ಕರು.

ತಕರಾರು ಶುರುವಾಯಿತು. ಟರ್ಬೊ ಶಿಳ್ಳೆ ಹೊಡೆಯುತ್ತದೆ ಎಂದರೊಬ್ಬರು. ಎಲ್ಲ ಟರ್ಬೊವೂ ಹೊಡೆಯುತ್ತದೆ, ಹೊಡೆಯದಿದ್ದರೆ ಹೆದರಬೇಕು ಎಂದೆ. ಇನ್ನೊಬ್ಬರು ಡೀಸೆಲ್‌ಗೆ ಭವಿಷ್ಯವಿಲ್ಲ ಎಂದರು. ಭವಿಷ್ಯ ಬೇಕಾದವರು ಷೇರು ಕೊಳ್ಳಲಿ, ಇದು ಕಾರು ಎಂದೆ. ಅರಕಲಗೂಡಿನವರ ಸರದಿ ಬಂದಾಗ ಅವರು ತಲೆ ಕೆರೆದುಕೊಂಡು, "ನಂಗೇನೂ ಕಾಣ್ತಿಲ್ಲ ಕಣ್ರಪ್ಪ. ಆರ್ನ್ ಸೌಂಡು ವಸಿ ಕಮ್ಮಿ," ಎಂದರು. ಹೋಟೆಲಿನ ಮುಂದೆ ಮತ್ತೆ ನಗು. ಕೆರೆ ಏರಿಯ ತನಕ ಓಡಿಸಿ ಬಂದು, ಮಾತು ಆಯಿತು ಎನ್ನುವ ಹಾಗೆ ಕೈ ಕುಲುಕಿದರು. ಗುರುವಾರ ದಿನ ಚೆನ್ನಾಗಿದೆ, ಮನೆಗೇ ಬಂದು ಮೇಷ್ಟ್ರ ಕೈಗೆ ಅಡ್ವಾನ್ಸ್ ಕೊಡುತ್ತೇನೆ ಎಂದರು. ದಿನ ಚೆನ್ನಾಗಿರುವುದರ ಬಗ್ಗೆ ನಾನೊಂದು ಮಾತು ಚುಚ್ಚಿದೆ. ಅದಕ್ಕೂ ನಕ್ಕರು.

ಗುರುವಾರ ಅವರೂ ಅಂಗಡಿಯ ಅಣ್ಣನೂ ಬಂದರು. ನಾನು ಕಾಲೇಜು ತಪ್ಪಿಸಿದ್ದೆ. ಅಪ್ಪ ಆ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಅಪ್ಪ ಹುಟ್ಟಿದ್ದು ಚನ್ನರಾಯಪಟ್ಟಣದ ಆಚೆಯ ಒಂದು ಹಳ್ಳಿಯಲ್ಲಿ, ಊರಿನಿಂದ ಬೇರೆಯಾಗಿಟ್ಟ ಕೇರಿಯಲ್ಲಿ. ಅಜ್ಜನ ಕಾಲಕ್ಕೇ ನಮ್ಮ ಮನೆಯವರು ಬೌದ್ಧರಾದರು. ನಮ್ಮ ಹಜಾರದ ಗೋಡೆಯಲ್ಲಿ ಬುದ್ಧನ ಪಟ ಇದೆ, ಪಕ್ಕದಲ್ಲಿ ನೀಲಿ ಕೋಟು, ಕನ್ನಡಕದ ಪಟವೂ ಇದೆ. ಒಳಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಅರಕಲಗೂಡಿನವರ ಕಣ್ಣೂ ಹೋಯಿತು. ನಾನು ನೋಡಿದೆ, ಆದರೆ ಏನನ್ನೂ ಓದಿಕೊಳ್ಳಲಿಲ್ಲ. ಅವರು ಟೀ ಬೇಡ ಎನ್ನಲಿಲ್ಲ, ಅಮ್ಮ ಕೊಟ್ಟ ಲೋಟವನ್ನು ಖಾಲಿ ಮಾಡಿದರು, ಚೆನ್ನಾಗಿದೆ ಎಂದರು. ಅಪ್ಪನ ಮಂಡಿಯ ಬಗ್ಗೆ ವಿಚಾರಿಸಿದರು. ಆಮೇಲೆ, "ಇನ್ನೊಂದ್ಸಲ ನೋಡಣ್ವಾ ಗಾಡೀನ?" ಎಂದರು.

ಅಂಗಳದಲ್ಲಿ ಬಾನೆಟ್ ಎತ್ತಿದೆ.

"ಸ್ಟಾರ್ಟ್ ಮಾಡ್ದಾಗ ಇಂಜಿನ್ ಒಳ್ಗಿನ್ ಚೈನ್ ಒಂಚೂರು ಕಟಕಟ ಅಂತದೆ ಅನ್ಸ್ತದೆ," ಎಂದರು.

ಬೆಳಗಿನಿಂದ ಕಾರು ತೆಗೆದಿರಲಿಲ್ಲ. ಬಾನೆಟ್ಟಿನ ಕೆಳಗೆ ಕೈಯಿಟ್ಟು ನೋಡಿ, ಇಂಜಿನ್ ತಣ್ಣಗಿದೆ, ಸದ್ದು ಬರುವುದಿದ್ದರೆ ಈಗಲೇ ಬರಬೇಕು ಎಂದು ಹೇಳಿ ಸ್ಟಾರ್ಟ್ ಮಾಡಿದೆ. ಯಾವ ಸದ್ದೂ ಬರಲಿಲ್ಲ.

"ಆಯಿಲ್ ಕುಡೀತದೇನೋ."

ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದನ್ನು ತಲೆಕೆಳಗಾಗಿ ಅದೇ ಬಾಯಿಯ ಮೇಲಿಟ್ಟೆ. ಒಳಗೆ ಪಿಸ್ಟನ್ ರಿಂಗು ಸವೆದಿದ್ದರೆ ಗಾಳಿ ನುಗ್ಗಿ ಮುಚ್ಚಳ ಕುಣಿಯುತ್ತದೆ, ಹಾರಿಯೂ ಬೀಳುತ್ತದೆ. ಅದು ಕೂತಲ್ಲೇ ಸಣ್ಣಗೆ ನಡುಗಿತು, ಅಷ್ಟೇ.

"ನೋಡಿ ಅಣ್ಣ. ಧ್ಯಾನಕ್ಕೆ ಕೂತಂಗೆ ಕೂತಿದೆ," ಎಂದೆ. ಅವರು ನಗಲಿಲ್ಲ. ಅಂಗಡಿಯ ಅಣ್ಣ ಎತ್ತಲೋ ನೋಡುತ್ತಿದ್ದರು. ನಾನು ಚೌಕಾಸಿ ಎಂದುಕೊಂಡೆ. ಭಾನುವಾರ ತೆಗೆಯದ ತಕರಾರನ್ನು ಇವತ್ತು ತೆಗೆದು ಬೆಲೆ ಇಳಿಸುತ್ತಿದ್ದಾರೆ, ತೆಗೆಯಲಿ, ನನಗೂ ಕೆಲಸವಾಯಿತು ಎಂದುಕೊಂಡೆ. ಸತ್ಯ ಹೇಳಬೇಕೆಂದರೆ ಖುಷಿಯಾಗಿತ್ತು. ಅಪ್ಪ ನನ್ನ ವಾದ ಕೇಳಲು ಯಾವ ಸ್ಪರ್ಧೆಗೂ ಬಂದವರಲ್ಲ. ಇವತ್ತು ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ಒಗೆ ಕರ್ರಗೈತೆ," ಎಂದರು. ಬಿಳಿ ಕರವಸ್ತ್ರವನ್ನು ಸೈಲೆನ್ಸರಿನ ಬಾಯಿಗೆ ಹಿಡಿದು ತೋರಿಸಿದೆ. "ಬುಡವ್ವ, ಅವ್ರಿಗ್ ಬ್ಯಾಡ ಅನ್ಸಿದ್ರೆ ಬ್ಯಾಡ," ಎಂದರು ಅಪ್ಪ. ನಾನು ಬಿಡಲಿಲ್ಲ. ಇಂಜಿನ್ನಿಗೆ ಅಂಟಿದ ಭಾರದ ಚಕ್ರ, ಫ್ಲೈವೀಲ್, ಅದುರುತ್ತದೆ ಎಂದರು ಅರಕಲಗೂಡಿನವರು. ಮುಚ್ಚಳ ಬಿಗಿದು, ಬಾನೆಟ್ ಇಳಿಸಿ, ಅಂಗಡಿಯ ಅಣ್ಣನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಿಂದಕ್ಕೂ ಮುಂದಕ್ಕೂ ಓಡಿಸಿ, ಮತ್ತೆ ಬಾನೆಟ್ ಎತ್ತಿ, "ಅದುರ್ತಾ? ನೀವೇ ಹೇಳಿ," ಎಂದು ಒತ್ತಾಯಿಸಿದೆ. ಅಣ್ಣ ಇಲ್ಲ ಎಂದು ತಲೆಯಾಡಿಸಿದರು. "ಬಿಸ್ಲು ಏರ್ತಾ ಐತೆ. ಸಾಕು ಬುಡು ಮಗ," ಎಂದರು ಅಪ್ಪ. ಅವರ ದನಿಯಲ್ಲಿ ಇದ್ದದ್ದು ಬೇಡಿಕೆ. ನಾನು ಅದನ್ನು ಸಂಕೋಚ ಎಂದು ತಿಳಿದೆ.

ಸ್ಪರ್ಧೆಯಲ್ಲಿ ಕೊನೆಯ ಎರಡು ನಿಮಿಷಕ್ಕೆಂದು ಇಟ್ಟುಕೊಳ್ಳುವ ದನಿ ನನಗೊಂದಿದೆ. ಆ ದನಿಯಲ್ಲಿ ಅರಕಲಗೂಡಿನವರಿಗೆ ಹೇಳಿದೆ: "ಅಣ್ಣ, ಚೈನ್ ಸರಿ. ರಿಂಗ್ ಸರಿ. ಹೊಗೆ ಇಲ್ಲ. ಅದುರಲ್ಲ. ಇನ್ನೂ ಅನುಮಾನ ಇದ್ರೆ ನೀವು ಹೇಳಿದ ಮೆಕ್ಯಾನಿಕ್ ಹತ್ರ ಇವತ್ತೇ ಬಿಡ್ತೀನಿ, ಖರ್ಚು ನಮ್ದು. ಇನ್ನೇನು ಉಳೀತು, ಹೇಳಿ."

ಏನೂ ಉಳಿದಿರಲಿಲ್ಲ. ಒಂದು ಉಳಿದಿತ್ತು. ಅವರು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೆ. ನಂಗೇನಿಲ್ಲ. ಈ ಗಾಡೀಲಿ ನಮ್ಮವ್ವನ್ನ ಮನೆದೇವ್ರಿಗೆ ಕರ್ಕೊಂಡೋಗ್ಬೇಕು. ಯಾರ್ ಮನೆ ಗಾಡಿ ಅಂತ ಕೇಳ್ತಾಳೆ. ಎತ್ತವ್ವನ್ ತಾವ ಸುಳ್ ಏಳಕ್ಕಾಯ್ತದಾ."

ಇಂಜಿನ್ ಇನ್ನೂ ಓಡುತ್ತಿತ್ತು. ನಾನು ಕೀಲಿ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲವೆಂದಲ್ಲ, ಸಾಲುಸಾಲಾಗಿ ಇದ್ದವು. ಈ ಲೋಹವನ್ನು ಕಾಯಿಸಿದ್ದು ಯಾರು, ಬೆಸೆದದ್ದು ಯಾರು, ನಿಮ್ಮ ಆಲೂಗಡ್ಡೆ ಕಿತ್ತದ್ದು ಯಾರ ಕೈ ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದರು. ಮಂಡಿ ಹಿಡಿದುಕೊಂಡು, ಕಷ್ಟಪಟ್ಟು ಎದ್ದರು. ಹತ್ತಿರ ಬಂದು ಬಾನೆಟ್ ಇಳಿಸಿ ಒತ್ತಿದರು.

"ಫ್ಲೈವೀಲ್‌ದು ಒಂದ್ ಅನುಮಾನ ಅಂದ್ರಲ್ಲ," ಎಂದು ಮೆಲ್ಲಗೆ ಹೇಳಿದರು. "ಅದಿರ್ಲಿ. ಮನೇಲಿ ಅದ್ನೇ ಏಳಿ."

ನಾನು ಹೊಡೆದುಹಾಕಿದ್ದ ನೆಪಗಳಲ್ಲಿ ಒಂದನ್ನು ಎತ್ತಿ, ಧೂಳು ಕೊಡವಿ, ಅವರ ಕೈಗೆ ವಾಪಸ್ಸು ಕೊಟ್ಟ ಹಾಗಿತ್ತು. ಅವರು ಅದನ್ನು ತೆಗೆದುಕೊಂಡರು. ಕೈ ಮುಗಿದು ಹೋದರು. ಅಂಗಡಿಯ ಅಣ್ಣ ಗೇಟಿನ ಬಳಿ ನಿಂತು ನನಗೇನೋ ಹೇಳಲು ನೋಡಿ, "ಭಾನುವಾರ ಬಾ," ಎಂದಷ್ಟೇ ಹೇಳಿದರು.

ನಾನು ಅಪ್ಪನ ಮೇಲೆಯೇ ಹರಿಹಾಯ್ದೆ. ಬೇರೆ ಯಾರು ಸಿಗುತ್ತಾರೆ?

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಅವ್ನು ಗೋಡೆ ನೋಡ್ದಾಗ್ಲೇ ಗೊತ್ತಾಯ್ತು. ಓಗ್ಲಿ, ಇಂಜಿನ್ ಮೇಲಾಕಿ ಓಗ್ಲಿ ಅಂತ ಸುಮ್ನಿದ್ದೆ."

"ಯಾಕೆ ಸುಮ್ನಿರ್ಬೇಕು? ತಪ್ಪು ಅವರದಲ್ವಾ?"

"ಅವ್ರದೇ."

"ನಾಚಿಕೆ ಆಗ್ಬೇಕಾದ್ದೂ ಅವರಿಗೇ."

"ಔದು."

"ಮತ್ತೆ?"

"ಮತ್ತೇನಿಲ್ಲ ಕಣವ್ವ. ಅದನ್ನ ಎದ್ರುಗೆ, ಬಾಯ್ಬಿಟ್ಟು ಏಳದ್ ಕೇಳಿ ಶಾನೆ ವರ್ಷ ಆಗಿತ್ತು ನಂಗೆ."

ಊರು, ನೌಕರಿ, ಸೈಟು, ಮನೆ, ಇಸ್ತ್ರಿ ಮಾಡಿದ ಅಂಗಿ, ಇವೆಲ್ಲವನ್ನೂ ಅಪ್ಪ ಒಂದರ ಮೇಲೊಂದು ಇಟ್ಟು ಆ ಮಾತು ಕಿವಿಗೆ ಬೀಳದಷ್ಟು ದೂರ ಬಂದಿದ್ದರು. ನಾನು ಪಾಯಿಂಟಿನ ಮೇಲೆ ಪಾಯಿಂಟು ಹಾಕಿ ಅದನ್ನು ಅವರ ಅಂಗಳಕ್ಕೇ ಕರೆದುಕೊಂಡು ಬಂದೆ.

ಓದುವವರು ಇಲ್ಲಿ ನನಗೆ ಸಮಾಧಾನ ಹೇಳಬಹುದು: ಸತ್ಯ ಹೊರಗೆ ಬಂದದ್ದು ಒಳ್ಳೆಯದೇ ಅಲ್ಲವೇ ಎಂದು. ಆ ವಾದವನ್ನು ನಾನೇ ನನಗೆ ಮಾಡಿಕೊಂಡಿದ್ದೇನೆ. ಹಾಸನದ ಹಾಸ್ಟೆಲಿನಲ್ಲಿ ಗೋಡೆಗೆ ಮುಖ ಮಾಡಿ, ಪರ, ವಿರೋಧ ಎರಡೂ ಬದಿಯಿಂದ. ತರ್ಕದಲ್ಲಿ ಪ್ರತಿಸಲವೂ ಗೆಲ್ಲುವುದು ನಾನೇ: ಅವಮಾನ ಮಾಡಿದವನಿಗೆ ನಾಚಿಕೆಯಾಗಬೇಕು, ಆದವನಿಗಲ್ಲ. ಗೆದ್ದ ಮೇಲೂ ಕಿವಿ ಬಿಸಿಯಾಗಿಯೇ ಇರುತ್ತದೆ. ಮನೆದೇವರ ಹೆಸರು ಹೇಳಿದ ಆ ಮನುಷ್ಯನ ಕಿವಿ ಹೇಗಿದೆಯೋ ನನಗೆ ಗೊತ್ತಿಲ್ಲ.

ಭಾನುವಾರ ಹೋಟೆಲಿಗೆ ಹೋಗಲಿಲ್ಲ. ಕಾರಿನ ಫೋಟೊ ಹಾಕಿ ಫೋನಿನಲ್ಲೇ ಮಾರಾಟಕ್ಕಿಟ್ಟೆ. ಮುಂದಿನ ಶನಿವಾರ ಕೊಣನೂರಿನಿಂದ ಒಬ್ಬ ಹುಡುಗ ಕರೆ ಮಾಡಿದ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು, ದನಿಯೇ ಹೇಳುತ್ತಿತ್ತು.

"ಅಕ್ಕ, ಟೈಮಿಂಗ್ ಚೈನ್ ಯಾವಾಗಾದ್ರೂ ಬದಲಾಯ್ಸಿದೀರಾ?"

ನಾನು ಚೈನಿನ ಮಾತೇ ಎತ್ತಲಿಲ್ಲ. ಮೊದಲೇ ಬರೆದು ಉರು ಹೊಡೆದಿದ್ದನ್ನು ಒಪ್ಪಿಸಿದೆ: ನಾವು ಇಂಥವರು, ನಮ್ಮ ಮನೆ ಇಂಥದ್ದು, ನಿಮ್ಮ ಮನೆಯಲ್ಲಿ ಇದಕ್ಕೆ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ, ಬಂದು ಸುಮ್ಮನೆ ಇಂಜಿನ್ ಮೇಲೆ ತಪ್ಪು ಹುಡುಕಬೇಡಿ.

ಆ ಕಡೆ ಸಂತೆಯ ಗದ್ದಲ ಕೇಳುತ್ತಿತ್ತು.

"ಅಕ್ಕ," ಎಂದ, "ನಾನ್ ಕೇಳಿದ್ದು ಚೈನು."

ನಾನು ತಿರುಗಿದರೆ ಬಾಗಿಲಲ್ಲಿ ಅಪ್ಪ. ಕೈಯಲ್ಲಿ ಊಟದ ಡಬ್ಬಿಯ ಚೀಲ, ಈಗ ತಾನೇ ಬಸ್ಸಿಳಿದು ಬಂದಿದ್ದಾರೆ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೈಯುವವರಲ್ಲ ಅವರು. ಚೀಲವನ್ನು ಮೇಜಿನ ಮೇಲಿಟ್ಟು, "ಕಾರ್ ಮಾರ್ತಿದೀಯೋ, ನಮ್ಮ ಮನೇನ ಸಂತೇಲಿ ಕೂಗ್ತಿದೀಯೋ?" ಎಂದರು. "ಅವತ್ತು ಅವ್ನು ಏಳ್ದ. ಇವತ್ತು ಯಾರೂ ಕೇಳ್ದಿದ್ರೂ ನೀನೇ ಏಳ್ತಿದೀಯ."

ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅಳು ಬರುತ್ತದೆ ಎಂದು ಗೊತ್ತಿತ್ತು.

ಹುಡುಗ ಮರುದಿನ ಬಂದ. ಒಬ್ಬನೇ ಬಸ್ಸಿನಲ್ಲಿ ಬಂದು, ಬೆನ್ನಿನ ಚೀಲದಿಂದ ಟಾರ್ಚು ತೆಗೆದು, ಗಾಡಿಯ ಕೆಳಗೆ ಮಲಗಿದ. ಮುಂದಿನ ಟೈರು ಒಳಗಡೆ ಸವೆದಿದೆ ಎಂದ, ಹೌದು ಸವೆದಿತ್ತು. ಆಮೇಲೆ ಬಾನೆಟ್ ಎತ್ತಿ ಕಿವಿಯಿಟ್ಟು, ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ಬಡಿಯುತ್ತಿದೆ ಎಂದ. ಅದು ನನಗೆ ಸುಳ್ಳೆನಿಸಿತು. ಆ ಸದ್ದು ಆ ಇಂಜಿನ್ನಿನ ಹುಟ್ಟುಗುಣ, ಅದನ್ನು ಐದು ಮಾತಿನಲ್ಲಿ ಸಾಬೀತು ಮಾಡಬಲ್ಲೆ. ಅಪ್ಪ ನನ್ನ ಕಡೆ ನೋಡಿದರು. ಹೇಳು, ಈಗ ಹೇಳಬಹುದು ಎನ್ನುವಂತೆ. ನಾನು ಹುಡುಗನ ಮುಖವನ್ನೇ ನೋಡಿದೆ. ಇವನು ಹೇಳುತ್ತಿರುವುದು ಇಂಜೆಕ್ಟರನ್ನೋ, ಇಂಜೆಕ್ಟರಿನ ಹಿಂದೆ ನಿಂತ ಇನ್ನೇನನ್ನೋ? ಈ ತಕರಾರನ್ನೂ ಹೊಡೆದುಹಾಕಿದರೆ ಅದರ ಕೆಳಗಿನಿಂದ ಏನು ಎದ್ದು ಬರುತ್ತದೆ? ಇಂಜಿನ್ ಬಗ್ಗೆ ಯಾರು ಏನೇ ಅಂದರೂ ಅದು ಬರೀ ಇಂಜಿನ್ ಬಗ್ಗೆ ಎಂದು ಕೇಳಿಸಿಕೊಳ್ಳುವ ಶಕ್ತಿಯೇ ನನ್ನಿಂದ ಹೋಗಿತ್ತು.

ಕೊನೆಗೆ ಅಪ್ಪನೇ, "ಅದು ಈ ಗಾಡಿಗಿರೋ ಸದ್ದೇ ಕಣಪ್ಪ, ನಾನು ಎಷ್ಟೋ ವರ್ಷದಿಂದ ಕೇಳ್ತಿದೀನಿ," ಎಂದರು. ವಾದವೇ ಅಲ್ಲ ಅದು. ಹುಡುಗ, "ಅಂಗಾದ್ರೆ ಸರಿ ಸಾ," ಎಂದು ಒಪ್ಪಿಬಿಟ್ಟ. ಒಳಗೆ ಬಂದು, ಪಟಗಳ ಕೆಳಗೇ ಕೂತು, ಅಮ್ಮನ ಕೈಯ ಉಪ್ಪಿಟ್ಟು ತಿಂದ. ಮಾತು ಮುಗಿಯಿತು. ವಾರದೊಳಗೆ ಬಂದು ಗಾಡಿ ಒಯ್ಯುವುದೆಂದು ಆಯಿತು.

ಒಯ್ಯಲು ಬಂದ ದಿನ ಅಪ್ಪ ಅವನಿಗೆ ಕೀಲಿ ಕೊಟ್ಟರು. ಅವನು ಸೀಟನ್ನು ಮುಂದಕ್ಕೆ ಎಳೆದುಕೊಂಡ, ಕನ್ನಡಿ ಸರಿಮಾಡಿಕೊಂಡ. ಅಪ್ಪ ಪಕ್ಕದಲ್ಲಿ ಬಗ್ಗಿ, ಎರಡನೇ ಗೇರು ಹಾಕುವಾಗ ಅವಸರ ಬೇಡ ಎಂದು ಹೇಳಿಕೊಡುತ್ತಿದ್ದರು, ಸಂತೋಷವಾಗಿದ್ದರು. ಕ್ಲಚ್ಚಿಲ್ಲದ ಕಾರನ್ನು ಹಾಸನದಲ್ಲಿ ನೋಡಿ ಬಂದಿದ್ದರು, ಅದರ ಬಣ್ಣದ ಬಗ್ಗೆ ಹುಡುಗನ ಅಭಿಪ್ರಾಯ ಕೇಳಿದರು.

ನಾನು ಆ ಕಡೆಯ ಕಿಟಕಿಯ ಬಳಿ ನಿಂತಿದ್ದೆ. ನಿಂತು ಏನು ಮಾಡುತ್ತಿದ್ದೆನೆಂದರೆ, ಅವನ ಮಣಿಕಟ್ಟಿನಲ್ಲಿ ದಾರವಿದೆಯೇ, ಯಾವ ಬಣ್ಣದ್ದು, ಕೊರಳಲ್ಲಿ ಏನಿದೆ, ಹಣೆಯಲ್ಲಿ ಏನಾದರೂ ಇಟ್ಟು ಅಳಿಸಿದ ಗುರುತಿದೆಯೇ ಎಂದು ಒಂದೊಂದಾಗಿ ನೋಡುತ್ತಿದ್ದೆ. ಕೊಣನೂರಿನಲ್ಲಿ ಯಾವ ಬೀದಿ ಎಂಬ ಪ್ರಶ್ನೆ ನನ್ನ ಹಲ್ಲಿನ ಹಿಂದೆಯೇ ಇತ್ತು. ಅದು ಯಾತಕ್ಕಾಗಿ ಕೇಳುವ ಪ್ರಶ್ನೆ ಎಂದು ಈ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೂ ವಿವರಿಸಬೇಕಿಲ್ಲ. ಇವನು ಯಾರ ಪೈಕಿ? ನಮ್ಮವನಾಗಿದ್ದಕ್ಕೆ ಒಪ್ಪಿಕೊಂಡನೇ, ಅಥವಾ ನಿಜವಾಗಿಯೂ ಅವನಿಗೆ ಚೈನು ಬಿಟ್ಟು ಬೇರೇನೂ ಬೇಕಿರಲಿಲ್ಲವೇ?

"ಏನವ್ವ ಅಂಗ್ ನೋಡ್ತಿದೀಯ?" ಎಂದರು ಅಪ್ಪ.

"ಟೈರು," ಎಂದೆ.

ಹುಡುಗ ಕತ್ತು ಹೊರಗೆ ಹಾಕಿ, "ನಾಳೇನೇ ಬದಲಾಯ್ಸ್ತೀನಿ ಅಕ್ಕ," ಎಂದ. ಗಾಡಿ ಗೇಟು ದಾಟಿ ಅರಕಲಗೂಡಿನ ರಸ್ತೆಗೆ ತಿರುಗಿತು. ಅಪ್ಪ ಒಳಗೆ ಹೋದರು. ನಾನು ಕೂಡಲೇ ಹೋಗಲಿಲ್ಲ.